ಬೆಕ್ಕಿನ ಚರ್ಮದ ತೊಂದರೆ: ಮುಲಾಮು ಆಮೇಲೆ, ಮೊದಲು ನೋಡಿ

ಬೆಕ್ಕಿನ ಮೈಮೇಲೆ ಒಂದು ಹಕ್ಕಳೆಯೋ ಬೋಳು ಜಾಗವೋ ಕಂಡರೆ ಸಾಕು, ಕೈ ನೇರ ಔಷಧಿ ಡಬ್ಬಿಗೆ ಹೋಗುತ್ತದೆ. ತಾಯಿ ಬಿಟ್ಟುಹೋದ ಮರಿಗಳನ್ನು, ಗಾಯವಾದ ಬೀದಿ ಬೆಕ್ಕುಗಳನ್ನು ಮನೆಯಲ್ಲಿಟ್ಟುಕೊಂಡು ಚೇತರಿಸಿಕೊಂಡ ಮೇಲೆ ಸಾಕುವವರಿಗೆ ಒಪ್ಪಿಸುವುದು ನನ್ನ ಹವ್ಯಾಸ. ಈಗೀಗ ಹವ್ಯಾಸಕ್ಕಿಂತ ಜಾಸ್ತಿಯೇ ಆಗಿದೆ ಅನ್ನಿ. ನನಗೆ ಬರುವ ಫೋನುಗಳು ಬಹುಪಾಲು "ಇದಕ್ಕೆ ಏನು ಹಚ್ಚಲಿ?" ಅಂತಲೇ ಶುರುವಾಗುತ್ತವೆ. ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ: ಮೈಯಲ್ಲಿ ಯಾವ ಜಾಗದಲ್ಲಿ ಆಗಿದೆ? ತುರಿಕೆ ಇದೆಯಾ, ಇಲ್ಲವಾ?

ಯಾಕೆಂದರೆ ಬೆಕ್ಕಿನ ಚರ್ಮಕ್ಕೆ ತುರಿಕೆ ತೋಡಿಕೊಳ್ಳಲು ಇರುವ ದಾರಿ ನಾಲ್ಕೇ ನಾಲ್ಕು. ಬೆನ್ನು ಕುತ್ತಿಗೆ ಮೇಲೆ ಸಾಸಿವೆ ಗಾತ್ರದ ಹಕ್ಕಳೆಗಳೇಳುವುದು, ತಲೆ ಕುತ್ತಿಗೆಯನ್ನು ಕೆರೆದು ಕೆರೆದು ಗಾಯ ಮಾಡಿಕೊಳ್ಳುವುದು, ನೆಕ್ಕಿ ನೆಕ್ಕಿ ಕೂದಲು ಬೋಳಾಗುವುದು, ತುಟಿ ಹೊಟ್ಟೆ ತೊಡೆಗಳ ಮೇಲೆ ಕೆಂಪಗೆ ಉಬ್ಬಿದ ಹುಣ್ಣಾಗುವುದು. ಚಿಗಟ ಕಚ್ಚಿದರೂ ಇವೇ, ತಿನ್ನುವ ಆಹಾರ ಒಗ್ಗದಿದ್ದರೂ ಇವೇ, ದೂಳಿನ ಅಲರ್ಜಿಯಾದರೂ ಇವೇ. ಹಾಗಾಗಿ ಒಂದು ಫೋಟೋ ನೋಡಿ "ಇದು ಇಂಥದ್ದೇ" ಎಂದು ಖಡಾಖಂಡಿತವಾಗಿ ಹೇಳುವವರನ್ನು ನಂಬಬೇಡಿ. ನಾನು ಹೇಳಿದರೂ ನಂಬಬೇಡಿ, ನಾನು ಪಶುವೈದ್ಯಳಲ್ಲ. ಆದರೆ ಚೆನ್ನಾಗಿ ನೋಡಲು ಬಂದರೆ ಯಾವುದನ್ನು ಮನೆಯಲ್ಲೇ ನಿಭಾಯಿಸಬಹುದು, ಯಾವುದಕ್ಕೆ ಇವತ್ತೇ ಡಾಕ್ಟರ ಬಳಿ ಓಡಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ನೋಡುವುದು ಹೇಗೆ

ಬಲ್ಬಿನ ಬೆಳಕು ಸಾಲದು. ಹಗಲು ಹೊತ್ತು ಕಿಟಕಿ ಪಕ್ಕ ಕೂರಿ. ಬೆಕ್ಕು ಊಟ ಮುಗಿಸಿ ತೂಕಡಿಸುವ ಸಮಯ ನೋಡಿಕೊಳ್ಳಿ, ಆಡುವ ಹುಮ್ಮಸ್ಸಿನಲ್ಲಿದ್ದರೆ ನಿಮ್ಮ ಕೈ ಗೀರಿಸಿಕೊಂಡು ಏಳುವುದಷ್ಟೇ ಲಾಭ. ಕೆಳಗೆ ಬಿಳಿ ಬಟ್ಟೆ ಹಾಸಿ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ ಒಂದಿರಲಿ. ಕೂದಲನ್ನು ಸವರಿ ನೋಡಿದರೆ ಏನೂ ಕಾಣುವುದಿಲ್ಲ. ಎರಡು ಹೆಬ್ಬೆರಳಿನಿಂದ ಕೂದಲನ್ನು ಎದುರು ದಿಕ್ಕಿಗೆ ಬಿಡಿಸಿ, ಬುಡದ ಚರ್ಮ ಕಾಣುವ ಹಾಗೆ ನೋಡಬೇಕು. ಕಿವಿಯ ಅಂಚು, ಕಿವಿಯ ಒಳಗೆ, ಮೂಗು, ತುಟಿ, ಗದ್ದ, ಕುತ್ತಿಗೆ, ಬೆನ್ನಿನುದ್ದಕ್ಕೂ ಬಾಲದ ಬುಡದವರೆಗೆ, ಆಮೇಲೆ ಹೊಟ್ಟೆ, ತೊಡೆಯ ಒಳಭಾಗ, ಕೊನೆಗೆ ಪಾದಗಳು. ಪಾದದಲ್ಲಿ ಉಗುರಿನ ಬುಡವನ್ನು ಬಿಡಬೇಡಿ. ಅಲ್ಲಿ ಗಟ್ಟಿ ಕೀವಿನಂಥದ್ದು ಕಟ್ಟಿಕೊಂಡಿದ್ದು, ಮುಖ ಮತ್ತು ಕಿವಿಯ ಮೇಲೂ ಹಳದಿ ಹಕ್ಕಳೆಗಳಿದ್ದರೆ ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದಿರುವ ಪೆಂಫಿಗಸ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ಮನೆಮದ್ದೇ ಇಲ್ಲ.

ಹೊಸಬರು ಸುಮ್ಮಸುಮ್ಮನೆ ಗಾಬರಿಯಾಗುವ ಕೆಲವು ಸಂಗತಿಗಳಿವೆ. ಕಣ್ಣಿಗೂ ಕಿವಿಗೂ ನಡುವೆ ಕೂದಲು ತೆಳ್ಳಗಿರುವುದು ಎಲ್ಲ ಬೆಕ್ಕುಗಳಲ್ಲೂ ಸಹಜ, ಗಿಡ್ಡ ಕೂದಲಿನ ಕಪ್ಪು ಬೆಕ್ಕುಗಳಲ್ಲಿ ಎದ್ದು ಕಾಣುತ್ತದೆ. ಕಿವಿಯ ಹೊರ ಅಂಚಿನಲ್ಲಿ ಪುಟ್ಟ ಜೇಬಿನಂಥ ಮಡಿಕೆ ಇರುತ್ತದೆ. ಅದು ಹರಿದ ಕಿವಿಯಲ್ಲ. ಕೇಸರಿ ಬಣ್ಣದ ಬೆಕ್ಕುಗಳ ತುಟಿ, ಮೂಗು, ಕಣ್ರೆಪ್ಪೆಯ ಮೇಲೆ ವಯಸ್ಸಾದಂತೆ ಚಪ್ಪಟೆಯಾದ ಕಪ್ಪು ಚುಕ್ಕೆಗಳು ಬರುತ್ತವೆ. ಅವು ಉಬ್ಬದೆ, ನೋಯದೆ ಇದ್ದರೆ ಅವುಗಳ ಪಾಡಿಗೆ ಬಿಡಿ. ಇನ್ನೊಂದು ಮಾತು, ನಗಬೇಡಿ: ಹೊಟ್ಟೆಯ ಮೇಲೆ ಎರಡು ಸಾಲಿನಲ್ಲಿ ಸಿಗುವ ಗಂಟುಗಳು ಮೊಲೆತೊಟ್ಟುಗಳು. ಗಂಡು ಬೆಕ್ಕಿಗೂ ಇರುತ್ತವೆ. ಉಣ್ಣಿ ಅಂದುಕೊಂಡು ಚಿಮಟದಲ್ಲಿ ಕೀಳಲು ಹೊರಟ ಮಹನೀಯರನ್ನು ನಾನು ತಡೆದಿದ್ದೇನೆ.

ಬೋಳು ಜಾಗ ಸಿಕ್ಕರೆ ಅದರ ಮೇಲೆ ಬೆರಳನ್ನು ಹಿಮ್ಮುಖವಾಗಿ ಆಡಿಸಿ. ಮೊಂಡು ಕೂದಲು ಚುಚ್ಚಿದಂತಾದರೆ ಬೆಕ್ಕು ತಾನೇ ನೆಕ್ಕಿ ಕೂದಲು ತುಂಡರಿಸಿದೆ ಎಂದರ್ಥ. ನುಣ್ಣಗಿದ್ದರೆ ಹೆಚ್ಚಾಗಿ ಕೂದಲು ಬುಡದಿಂದ ಉದುರಿದೆ. ಡಾಕ್ಟರು ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ತುದಿ ನೋಡಿ ಇದನ್ನೇ ಖಚಿತಪಡಿಸುತ್ತಾರೆ. "ನಮ್ಮ ಬೆಕ್ಕು ನೆಕ್ಕುವುದನ್ನು ನಾನು ನೋಡೇ ಇಲ್ಲ" ಅನ್ನುವವರು ಬಹಳ. ಬೆಕ್ಕು ನಿಮ್ಮ ಮುಂದೆ ಕೂತು ನೆಕ್ಕಬೇಕು ಅಂತೇನೂ ಇಲ್ಲವಲ್ಲ.

ಮೊದಲ ಗುಮಾನಿ ಚಿಗಟದ ಮೇಲೆ

ಬೆನ್ನಿನ ಕೆಳಭಾಗ, ಬಾಲದ ಬುಡ, ಕುತ್ತಿಗೆ ಸುತ್ತ ಸಣ್ಣ ಹಕ್ಕಳೆಗಳಿದ್ದರೆ ಬೇರೆ ಏನನ್ನೂ ಯೋಚಿಸುವ ಮೊದಲು ಚಿಗಟ ಹುಡುಕಿ. ನಮ್ಮ ಕಪ್ಪು ಬೆಕ್ಕು ಮಸಿಯ ಮೈಯಲ್ಲಿ ಎಷ್ಟು ಹುಡುಕಿದರೂ ಚಿಗಟ ಸಿಗುತ್ತಿರಲಿಲ್ಲ, ಕಪ್ಪು ಕೂದಲಲ್ಲಿ ಕಪ್ಪು ಹುಳ ಎಲ್ಲಿ ಕಾಣಬೇಕು? ಬಾಚಣಿಗೆಯನ್ನು ಬಾಲದ ಬುಡದಲ್ಲಿ ನಾಲ್ಕೈದು ಸಲ ಎಳೆದು, ಹಲ್ಲುಗಳ ಮಧ್ಯೆ ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಕಾಗದದ ಮೇಲೆ ಕೊಡವಿದೆ. ಒಂದೊಂದು ಕಣದ ಸುತ್ತಲೂ ನಿಧಾನವಾಗಿ ಕಂದುಗೆಂಪು ಬಣ್ಣ ಒಸರಿ ಹರಡಿಕೊಂಡಿತು. ಬರೀ ದೂಳಾಗಿದ್ದರೆ ಹಾಗಾಗುವುದಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು.

ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಚಿಗಟವನ್ನು ಖುಲಾಸೆ ಮಾಡಬೇಡಿ. ಅಲರ್ಜಿ ಇರುವ ಬೆಕ್ಕಿಗೆ ತುರಿಕೆ ಹತ್ತಿಸುವುದು ಚಿಗಟದ ಎಂಜಲು. ಒಂದೆರಡು ಕಚ್ಚಿದರೂ ಸಾಕು. ತುರಿಕೆ ಬಂದ ಬೆಕ್ಕು ಮೈಯೆಲ್ಲ ನೆಕ್ಕಿ ಚಿಗಟವನ್ನೂ ಹಿಕ್ಕೆಯನ್ನೂ ನುಂಗಿಬಿಡುತ್ತದೆ. ಮಲದ್ವಾರದ ಸುತ್ತ ಅಕ್ಕಿಕಾಳಿನಂಥ ಬಿಳಿ ತುಣುಕು ಅಂಟಿಕೊಂಡಿದ್ದರೆ ಅದೂ ಒಂದು ಸಾಕ್ಷಿ. ಚಿಗಟ ನುಂಗಿದ ಬೆಕ್ಕಿಗೆ ಅದರ ಮೂಲಕ ಲಾಡಿಹುಳ ಬರುತ್ತದೆ, ಅದಕ್ಕೆ ಬೇರೆ ಮಾತ್ರೆ ಬೇಕು.

ಇನ್ನು ಚಿಕಿತ್ಸೆ. ಬೆಕ್ಕಿನ ಮೈಮೇಲೆ ಇರುವುದು ದೊಡ್ಡ ಚಿಗಟಗಳು ಮಾತ್ರ, ಇಡೀ ಸಂಸಾರದಲ್ಲಿ ಅದೊಂದು ಸಣ್ಣ ಪಾಲು. ಮೊಟ್ಟೆಗಳು ಕೂದಲಿನಿಂದ ಜಾರಿ ಹಾಸಿಗೆ, ಸೋಫಾ, ನೆಲದ ಸಂದುಗಳಲ್ಲಿ ಬೀಳುತ್ತವೆ. ಮರಿಹುಳ ಅಲ್ಲೇ ಬೆಳೆದು ಗೂಡು ಕಟ್ಟುತ್ತದೆ, ಆ ಗೂಡಿನೊಳಗೆ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಆದ್ದರಿಂದ ಒಂದು ಸಲ ಔಷಧಿ ಹಾಕಿ "ಕೆಲಸ ಮಾಡಲಿಲ್ಲ" ಅನ್ನುವುದು ಸರಿಯಲ್ಲ. ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ, ತುರಿಕೆ ಇಲ್ಲದವಕ್ಕೂ, ಕನಿಷ್ಠ 3 ತಿಂಗಳು ತಪ್ಪದೆ ಔಷಧಿ ನಡೆಯಬೇಕು. ಹಾಸಿಗೆ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಮೂಲೆ ಮೂಲೆಗೂ ಹಾಕಿ, ಕಸವನ್ನು ಆಗಲೇ ಹೊರಗೆ ಚೆಲ್ಲಿ. ಯಂತ್ರದ ಅದುರುವಿಕೆಗೆ ಗೂಡಿನೊಳಗಿನ ಚಿಗಟ ಹೊರಬರುತ್ತದೆ, ಹೊರಬಂದರೆ ಔಷಧಿ ತಾಗಿ ಸಾಯುತ್ತದೆ. ಹಾಗಾಗಿ ಮೊದಲ ವಾರಗಳಲ್ಲಿ ಚಿಗಟ ಜಾಸ್ತಿಯಾದ ಹಾಗೆ ಕಂಡರೆ ಧೈರ್ಯಗೆಡಬೇಡಿ.

ಕುತ್ತಿಗೆಗೆ ಬಿಡುವ ತೊಟ್ಟಿನ ಔಷಧಿಯನ್ನು ತಲೆಬುರುಡೆಯ ಬುಡದಲ್ಲಿ, ಹೆಡಕಿನ ಮೇಲ್ಭಾಗದಲ್ಲಿ ಬಿಡಬೇಕು, ನಾಲಿಗೆ ಎಟುಕದ ಜಾಗ ಅದೊಂದೇ. ಕೂದಲು ಬಿಡಿಸಿ ಚರ್ಮಕ್ಕೇ ತಾಗಿಸಿ. ಕೂದಲ ಮೇಲೆ ಬಿದ್ದರೆ ವ್ಯರ್ಥ. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಡೋಸು ತೂಕದ ಮೇಲೆ ಹೋಗುತ್ತದೆ, ಅಂದಾಜಿನಲ್ಲಿ ಹಾಕಬೇಡಿ. ತೀರಾ ಎಳೆಯ ಮರಿಗಳಿಗೆ ಔಷಧಿ ಬಿಟ್ಟು ಬಾಚಣಿಗೆಯೇ ಸಾಕು. ಪ್ಯಾಕೆಟ್ಟಿನ ಮೇಲೆ ಬರೆದ ವಯಸ್ಸು ತೂಕ ದಾಟಿದ ಮೇಲೆ ಮಾತ್ರ ಔಷಧಿ.

ನಾಯಿಗೆ ತಂದ ಚಿಗಟದ ಔಷಧಿಯನ್ನು ಅರ್ಧ ಮಾಡಿ ಬೆಕ್ಕಿಗೆ ಹಾಕುವವರಿಗೆ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ನಾಯಿಯ ಔಷಧಿಗಳಲ್ಲಿ ಹಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಕೆಲವೇ ಗಂಟೆಗಳಲ್ಲಿ ಕಿವಿ ಅದುರುತ್ತದೆ, ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಸಾಯಲೂಬಹುದು. ಯಾರಾದರೂ ಹಾಕಿಬಿಟ್ಟಿದ್ದರೆ, ಬೆಕ್ಕು ಎಚ್ಚರವಾಗಿದ್ದು ಫಿಟ್ಸ್ ಇಲ್ಲದಿದ್ದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಆ ಜಾಗ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಪ್ಯಾಕೆಟ್ ಜೊತೆಗಿರಲಿ.

ಹುಳುಕಡ್ಡಿ

ಮರಿಗಳಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನೇ, ಹೆದರುವುದೂ ಇದಕ್ಕೇ. ರೋಗಕ್ಕಲ್ಲ, ಮನೆ ಸ್ವಚ್ಛ ಮಾಡುವ ಕೆಲಸಕ್ಕೆ. ಇದು ಶಿಲೀಂಧ್ರದ ಸೋಂಕು, ಬೆಕ್ಕುಗಳಲ್ಲಿ ಬಹುಪಾಲು ಮೈಕ್ರೋಸ್ಪೋರಮ್ ಕೇನಿಸ್ ಎಂಬ ಜಾತಿಯದ್ದು. ಮುಖ, ಕಿವಿ, ಮುಂಗಾಲುಗಳ ಮೇಲೆ ಕೂದಲು ಮುರಿದು ದುಂಡಗೆ ಬೋಳಾಗಿ, ಬೂದು ಹೊಟ್ಟು ಕೂತಿರುತ್ತದೆ. ತುರಿಕೆ ಅಷ್ಟಾಗಿ ಇರುವುದಿಲ್ಲ. ಉದ್ದ ಕೂದಲಿನ ಬೆಕ್ಕುಗಳು ಏನೂ ಲಕ್ಷಣ ತೋರಿಸದೆ ಸೋಂಕು ಹೊತ್ತುಕೊಂಡು ತಿರುಗುವುದೂ ಉಂಟು. ನನ್ನ ಬಳಿ ಬರುವವರಿಗೆ ಕೇಳುತ್ತೇನೆ: ಮನೆಯಲ್ಲಿ ಯಾರ ತೋಳಿನ ಮೇಲಾದರೂ, ಮಕ್ಕಳ ಕುತ್ತಿಗೆಯ ಮೇಲಾದರೂ ಉಂಗುರದಂಥ ಕೆಂಪು ಕಲೆ ಎದ್ದಿದೆಯಾ? ಎದ್ದಿದ್ದರೆ ಅರ್ಧ ರೋಗಪತ್ತೆ ಅಲ್ಲೇ ಆಯಿತು. ಇದು ಮನುಷ್ಯರಿಗೂ ಅಂಟುತ್ತದೆ.

ಡಾಕ್ಟರು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳೆ ದೀಪ ಹಿಡಿದು ನೋಡುತ್ತಾರೆ. ಸೋಂಕಿದ ಕೂದಲ ಬುಡ ಎಳೆ ಹಸಿರಾಗಿ ಹೊಳೆಯುತ್ತದೆ. ಹೊಟ್ಟು, ಮುಲಾಮು, ಬಟ್ಟೆಯ ಎಳೆ ಇವೂ ಹೊಳೆಯುವುದರಿಂದ ಕೈದೀಪ ಕೊಂಡು ಮನೆಯಲ್ಲೇ ತೀರ್ಪು ಕೊಡಬೇಡಿ. ಹೊಳೆಯದಿದ್ದ ಮಾತ್ರಕ್ಕೆ ರೋಗ ಇಲ್ಲ ಅಂತಲೂ ಅಲ್ಲ. ಖಚಿತವಾಗಲು ಕೂದಲನ್ನು ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸುತ್ತಾರೆ, ಫಲಿತಾಂಶಕ್ಕೆ 2-3 ವಾರ ಹಿಡಿಯಬಹುದು.

ಬೋಳು ಜಾಗಕ್ಕೆ ಮಾತ್ರ ಮುಲಾಮು ಹಚ್ಚುವುದರಿಂದ ಏನೂ ಸಾಲುವುದಿಲ್ಲ, ಯಾಕೆಂದರೆ ಬೀಜಕಣಗಳು ಮೈಯ ಕೂದಲಲ್ಲೆಲ್ಲ ಕೂತಿರುತ್ತವೆ. ಹೊಟ್ಟೆಗೆ ಇಟ್ರಾಕೊನಜೋಲ್‌ನಂಥ ಔಷಧಿ, ಜೊತೆಗೆ ವಾರಕ್ಕೆರಡು ಸಲ ಇಡೀ ಮೈಗೆ ಸುಣ್ಣ-ಗಂಧಕದ ದ್ರಾವಣ ಅಥವಾ ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಸೇರಿದ ಶ್ಯಾಂಪೂ: ಸಾಮಾನ್ಯವಾಗಿ ಡಾಕ್ಟರು ಬರೆಯುವುದು ಇದನ್ನು. ಗಂಧಕದ ವಾಸನೆ ಕೊಳೆತ ಮೊಟ್ಟೆಯದ್ದೇ, ಸಹಿಸಿಕೊಳ್ಳಿ. ಕೆಲಸ ಮಾಡುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಬೆಕ್ಕನ್ನು ಒರೆಸಲು ಸುಲಭವಾದ ಒಂದು ಕೋಣೆಯಲ್ಲಿಡಿ. ಉದುರಿದ ಕೂದಲನ್ನು ದಿನವೂ ಗುಡಿಸಿ ಎತ್ತಿ, ಆಮೇಲೆ ಸೋಪು ನೀರಿನಲ್ಲಿ ಒರೆಸಿ, ಕೊನೆಗೆ ನೀರು ಬೆರೆಸಿದ ಬ್ಲೀಚ್. ಕೂದಲು ಎತ್ತದೆ ಬ್ಲೀಚ್ ಸುರಿದರೆ ದುಡ್ಡು ದಂಡ. ಬ್ಲೀಚ್ ಒಣಗುವವರೆಗೆ ಬೆಕ್ಕು ಅಲ್ಲಿ ಕಾಲಿಡಕೂಡದು. ಬೀಜಕಣಗಳು ತಿಂಗಳುಗಟ್ಟಲೆ, ಅನುಕೂಲ ಸಿಕ್ಕರೆ ವರ್ಷಕ್ಕೂ ಮೀರಿ ಬದುಕುತ್ತವೆ. ಕೂದಲು ಮತ್ತೆ ಬಂತು ಅಂದರೆ ವಾಸಿಯಾಯಿತು ಅಂತಲ್ಲ. ಕಲ್ಚರ್ ನೆಗೆಟಿವ್ ಬರುವವರೆಗೆ ಔಷಧಿ ನಿಲ್ಲಿಸಬೇಡಿ.

ಸ್ಟಿರಾಯ್ಡ್ ಬೆರೆತ ಮುಲಾಮನ್ನು ಮಾತ್ರ ಇದಕ್ಕೆ ಹಚ್ಚಲೇಬೇಡಿ. ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೊಳಗೆ ಶಿಲೀಂಧ್ರಕ್ಕೆ ಹಬ್ಬ.

ಕಿವಿ, ಮುಖ, ಗದ್ದ

ಕಿವಿಯೊಳಗೆ ಕಪ್ಪಗೆ, ಒಣಗಿ ಪುಡಿಪುಡಿಯಾದ ಗುಗ್ಗೆ ತುಂಬಿದ್ದು, ಮರಿ ತಲೆ ಕೊಡವುತ್ತಾ ಹಿಂಗಾಲಿನಿಂದ ಕಿವಿ ಹಿಂದೆ ಕೆರೆಯುತ್ತಿದ್ದರೆ ಕಿವಿ ನುಸಿ ಇರಬೇಕು. ಹತ್ತಿಯ ಕಡ್ಡಿ ಹಾಕಿ ಕೆದಕಬೇಡಿ, ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ. ಈಗ ಕುತ್ತಿಗೆಗೆ ಬಿಡುವ ಸೆಲಾಮೆಕ್ಟಿನ್‌ನಂಥ ತೊಟ್ಟಿನ ಔಷಧಿಗಳೇ ನುಸಿಯನ್ನು ಕೊಲ್ಲುತ್ತವೆ. ಮನೆಯ ಉಳಿದ ಬೆಕ್ಕು ನಾಯಿಗಳಿಗೂ ಹಾಕಿಸಿ.

ಕಿವಿಯ ಅಂಚಿನಿಂದ ಶುರುವಾಗಿ ಮುಖ, ಕುತ್ತಿಗೆಗೆ ಹರಡುವ ದಪ್ಪ ಬೂದು ಹಕ್ಕಳೆ, ತಡೆಯಲಾರದ ತುರಿಕೆ: ಇದು ಬೆಕ್ಕಿನ ಕಜ್ಜಿ, ಬೇರೆ ಜಾತಿಯ ನುಸಿಯ ಕೆಲಸ. ಮುಖ ಮುದುಕರದ್ದರ ಹಾಗೆ ಸುಕ್ಕುಗಟ್ಟಿ ಬರುವ ಬೀದಿ ಬೆಕ್ಕುಗಳನ್ನು ನೋಡಿದರೆ ಬದುಕುವುದಿಲ್ಲ ಅನ್ನಿಸುತ್ತದೆ. ಸರಿಯಾದ ಔಷಧಿ ಬಿದ್ದರೆ ಕೆಲವೇ ವಾರದಲ್ಲಿ ಗುರುತೇ ಸಿಗದಷ್ಟು ಚೆನ್ನಾಗುತ್ತವೆ. ಹಿಡಿದವರ ಕೈಗೂ ಸ್ವಲ್ಪ ದಿನ ನವೆ ಹತ್ತಬಹುದು, ಕೈಗವಸು ಹಾಕಿಕೊಳ್ಳಿ.

ಗದ್ದದ ಮೇಲೆ ಕಪ್ಪು ಚುಕ್ಕೆಗಳು ಮೊಡವೆ. ಹಿಚುಕಬೇಡಿ. ಪ್ಲಾಸ್ಟಿಕ್ ಬಟ್ಟಲಿದ್ದರೆ ಸ್ಟೀಲ್ ಅಥವಾ ಪಿಂಗಾಣಿಗೆ ಬದಲಾಯಿಸಿ, ದಿನವೂ ತೊಳೆಯಿರಿ. ಬೆಚ್ಚಗಿನ ಒದ್ದೆ ಬಟ್ಟೆಯನ್ನು ಗದ್ದಕ್ಕೆ ಹಿಡಿದು ಒರೆಸಿ. ಊದಿಕೊಂಡು ಕೀವಾದರೆ ಮಾತ್ರ ಡಾಕ್ಟರು. ಮೇಲ್ತುಟಿಯ ಅಂಚು ತಿಂದುಹೋದಂತೆ ಹುಣ್ಣಾಗಿದ್ದರೆ ಇಲಿ ಕಚ್ಚಿದೆ ಅಂದುಕೊಳ್ಳುತ್ತಾರೆ; ಅದು ಹೆಚ್ಚಾಗಿ ಅಲರ್ಜಿಯ ಹುಣ್ಣು, ಅದರ ಹಿಂದೆ ಮತ್ತೆ ಚಿಗಟವೇ ಇರಬಹುದು.

ಬಿಳಿ ಬೆಕ್ಕಿನ ಕಿವಿತುದಿ ಅಥವಾ ಮೂಗಿನ ಮೇಲೆ ವಾಸಿಯಾಗದೆ ಮತ್ತೆ ಮತ್ತೆ ಹಕ್ಕಳೆ ಕಟ್ಟುತ್ತಿದ್ದರೆ ತಡಮಾಡಬೇಡಿ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಹೀಗೇ ಶುರುವಾಗುತ್ತದೆ. ಬೇಗ ಕಂಡುಹಿಡಿದರೆ ಕಿವಿತುದಿ ಕತ್ತರಿಸಿ ಬೆಕ್ಕನ್ನು ಉಳಿಸಿಕೊಳ್ಳಬಹುದು.

ಇದ್ದಕ್ಕಿದ್ದಂತೆ ಎದ್ದ ಬಾವು

ಹೊರಗೆ ತಿರುಗುವ, ಸಂತಾನಹರಣ ಆಗದ ಗಂಡು ಬೆಕ್ಕು ಎರಡು ಮೂರು ದಿನದ ಹಿಂದೆ ಜಗಳವಾಡಿ ಬಂದಿದೆ. ಈಗ ಕೆನ್ನೆ, ಮುಂಗಾಲು ಅಥವಾ ಬಾಲದ ಬುಡ ಊದಿದೆ, ಮುಟ್ಟಿದರೆ ಗುರ್ ಅನ್ನುತ್ತದೆ, ಊಟ ಬಿಟ್ಟಿದೆ. ಇದು ಕಚ್ಚಿದ ಗಾಯ. ಕೋರೆಹಲ್ಲಿನ ತೂತು ಮೇಲೆ ಮುಚ್ಚಿಕೊಂಡು ಒಳಗೆ ಕೀವು ಕಟ್ಟಿರುತ್ತದೆ. ಹಿಚುಕಿದರೆ ಕೀವು ಅಕ್ಕಪಕ್ಕದ ಮಾಂಸಕ್ಕೆ ಹರಡುತ್ತದೆ. ತಾನಾಗಿ ಒಡೆದಿದ್ದರೆ ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಒಯ್ಯಿರಿ. ಆಂಟಿಬಯೋಟಿಕ್ ಬೇಕಾಗುವುದು ಸಾಮಾನ್ಯ. ಯಾವ ಪ್ರಾಣಿ ಕಚ್ಚಿತು ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ, ರೇಬೀಸ್ ಲಸಿಕೆಯ ಲೆಕ್ಕ ನೋಡಬೇಕಾಗುತ್ತದೆ. ಜ್ವರ ಇದೆ ಅಂತ ಪ್ಯಾರಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಬೋಳು ಹೊಟ್ಟೆ ಮತ್ತು "ಟೆನ್ಶನ್"

ರಾಣಿ ನನ್ನ ಹತ್ತಿರ ಬಂದಾಗ ಹೊಟ್ಟೆ ಪೂರ್ತಿ ಬೋಳು. ಹಳೆಯ ಮನೆಯವರು "ಇದಕ್ಕೆ ಮನಸ್ಸಿನ ಕಾಯಿಲೆ" ಎಂದು ಕೈತೊಳೆದುಕೊಂಡಿದ್ದರು. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಾನಸಿಕ ಕಾರಣಕ್ಕೆ ನೆಕ್ಕುತ್ತಿವೆ ಎಂದು ಅಂದುಕೊಂಡಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. 16 ಬೆಕ್ಕುಗಳಿಗೆ ಇದ್ದದ್ದು ಅಲರ್ಜಿಯಂಥ ದೈಹಿಕ ಕಾರಣ. ಬರೀ ಮಾನಸಿಕ ಕಾರಣ ಇದ್ದದ್ದು 2ಕ್ಕೆ ಮಾತ್ರ. ಹೊಟ್ಟೆಯ ಕೆಳಭಾಗವನ್ನಷ್ಟೇ ನೆಕ್ಕುವ ಬೆಕ್ಕಿಗೆ ಮೂತ್ರಕೋಶದ ನೋವೂ ಇರಬಹುದು. ಹಾಗಾಗಿ ಮೊದಲು ಚಿಗಟದ ಚಿಕಿತ್ಸೆ, ಶಿಲೀಂಧ್ರ ಮತ್ತು ನುಸಿಯ ಪರೀಕ್ಷೆ, ಆಮೇಲೆ ಆಹಾರದ ಪರೀಕ್ಷೆ; ಎಲ್ಲ ಮುಗಿದ ಮೇಲೆ ಬೇಕಿದ್ದರೆ ಮನಸ್ಸಿನ ಮಾತು.

ಆಹಾರದ ಪರೀಕ್ಷೆ ಎಂದರೆ ಬೆಕ್ಕು ಈ ತನಕ ತಿನ್ನದ ಒಂದು ಮಾಂಸ, ಇಲ್ಲವೇ ಅಲರ್ಜಿಗೆಂದೇ ಪ್ರೋಟೀನನ್ನು ಒಡೆದು ತಯಾರಿಸಿದ ಆಹಾರ, 8 ವಾರ ಅದೊಂದೇ. ನಡುವೆ ಬಿಸ್ಕತ್ತು, ಹಾಲು, ಪಕ್ಕದ ಮನೆಯ ಮೀನಿನ ತುಂಡು ಯಾವುದೂ ಇಲ್ಲ. ರಾಣಿಯ ವಿಷಯದಲ್ಲಿ ಕಷ್ಟವಾದದ್ದು ರಾಣಿಯಿಂದಲ್ಲ, ಕದ್ದು ತಿನ್ನಿಸುವ ಮನೆಯವರಿಂದ. ತುರಿಕೆ ಇಳಿದ ಮೇಲೆ ಹಳೆಯ ಆಹಾರ ಕೊಟ್ಟು ಮತ್ತೆ ತುರಿಕೆ ಬರುತ್ತದಾ ನೋಡಬೇಕು, ಬಂದರೇನೇ ಖಚಿತ. ಹೊಸದನ್ನು ಮುಟ್ಟದಿದ್ದರೆ "ಹಸಿದರೆ ತಾನೇ ತಿನ್ನುತ್ತೆ" ಎಂದು ಉಪವಾಸ ಕೆಡವಬೇಡಿ. ಊಟ ಬಿಟ್ಟ ಬೆಕ್ಕಿಗೆ, ಅದರಲ್ಲೂ ದಪ್ಪನೆಯದಕ್ಕೆ, ಕೆಲವೇ ದಿನಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯವಾಗುತ್ತದೆ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಾಯಿಸಿ.

ಹೊಟ್ಟು ಬೆನ್ನಿನ ಕೆಳಭಾಗದಲ್ಲಿ ಮಾತ್ರ ಕೂತಿದ್ದು ತುರಿಕೆ ಇಲ್ಲದಿದ್ದರೆ ಬೆಕ್ಕಿನ ವಯಸ್ಸು, ಸೊಂಟದ ಸುತ್ತಳತೆ ನೋಡಿ. ನಮ್ಮ ಗುಂಡನ ಚರ್ಮಕ್ಕೆ ಏನೂ ಆಗಿಲ್ಲ, ಅವನಿಗೆ ಅಲ್ಲಿಗೆ ನಾಲಿಗೆ ಎಟುಕುವುದಿಲ್ಲ ಅಷ್ಟೇ. ತೂಕ ಇಳಿಸುವುದು, ಕೀಲುನೋವು ತೋರಿಸುವುದು, ದಿನಕ್ಕೊಮ್ಮೆ ಬಾಚುವುದು.

ಏನು ಹಚ್ಚಬಾರದು, ಹೊರಡುವ ಮೊದಲು ಏನು

ಬೆಕ್ಕಿಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ನೆಲ ಒರೆಸುವ ಫಿನಾಯಿಲ್, ಫೀನಾಲ್ ಜಾತಿಯ ಗಾಯದ ದ್ರಾವಣಗಳು, ಟೀ ಟ್ರೀ ಎಣ್ಣೆ, ಸೀಮೆಎಣ್ಣೆ, ಜಿಂಕ್ ಆಕ್ಸೈಡ್ ಮುಲಾಮು ಯಾವುದೂ ಬೇಡ. ಕೂದಲು ಬೆಳೆಯಲೆಂದು ನಿಮ್ಮ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಇದ್ದರೆ ಅದನ್ನು ಬೆಕ್ಕಿಗೆ ಹಚ್ಚುವುದಿರಲಿ, ನೀವು ಹಚ್ಚಿಕೊಂಡು ಮಲಗಿದ ತಲೆದಿಂಬನ್ನು ಬೆಕ್ಕು ನೆಕ್ಕದಂತೆ ನೋಡಿಕೊಳ್ಳಿ. ತುಂಬಾ ಕೆರೆಯುತ್ತಿದ್ದರೆ ಡಾಕ್ಟರ ಭೇಟಿಯವರೆಗೆ ಕೆರೆಯದಂತೆ ನೆಕ್ಕದಂತೆ ತಡೆಯುವ ಕೋನ್ ಆಕಾರದ ಪಟ್ಟಿಯನ್ನು ಕೊರಳಿಗೆ ಹಾಕಿ, ಹಿಂಗಾಲಿನ ಉಗುರಿನ ತುದಿ ಕತ್ತರಿಸಿ. ಹಾನಿಯಿಲ್ಲದ ಪ್ರಥಮ ಚಿಕಿತ್ಸೆ ಅದೇ.

ಮರಿಯ ಒಸಡು ಚಿಗಟದಿಂದ ಬಿಳಚಿಕೊಂಡಿದ್ದರೆ, ಬೆಕ್ಕು ಊಟ ಬಿಟ್ಟಿದ್ದರೆ, ಮುಖ ಊದಿದ್ದರೆ, ಗಾಯದಿಂದ ವಾಸನೆ ಬರುತ್ತಿದ್ದರೆ ನಾಳೆಗೆ ತಳ್ಳಬೇಡಿ. ಔಷಧಿ ಹಾಕಿದರೂ ವಾಸಿಯಾಗದೆ ಹುಣ್ಣು, ಗಂಟುಗಳು ಹೆಚ್ಚುತ್ತಾ ಹೋದರೆ ಬರಿಗೈಯಲ್ಲಿ ಮುಟ್ಟಬೇಡಿ. ಸ್ಪೋರೋಟ್ರೈಕೋಸಿಸ್ ಎಂಬ ಶಿಲೀಂಧ್ರ ರೋಗ ಬೆಕ್ಕಿನ ಗೀರಿನಿಂದ ಮನುಷ್ಯರಿಗೆ ಹರಡುತ್ತದೆ.

ಆಸ್ಪತ್ರೆಗೆ ಹೊರಡುವ ಮುಂಚೆ ಸ್ನಾನ ಮಾಡಿಸಬೇಡಿ, ಹಕ್ಕಳೆ ಕೀಳಬೇಡಿ, ಕಿವಿ ತೊಳೆಯಬೇಡಿ. ಡಾಕ್ಟರಿಗೆ ಸೂಕ್ಷ್ಮದರ್ಶಕದಲ್ಲಿ ನೋಡಲು ಬೇಕಿರುವುದು ಆ ಕೊಳೆಯೇ. ಬಾಚಣಿಗೆಯಲ್ಲಿ ಸಿಕ್ಕ ಪುಡಿಯನ್ನು ಪೊಟ್ಟಣ ಕಟ್ಟಿಕೊಳ್ಳಿ. ತಾರೀಖಿನ ಸಮೇತ ಫೋಟೋಗಳು, ಈಗಾಗಲೇ ಹಾಕಿದ ಔಷಧಿಗಳ ಪ್ಯಾಕೆಟ್, ಕಳೆದ ಸಲ ಸ್ಟಿರಾಯ್ಡ್ ಇಂಜೆಕ್ಷನ್ ಯಾವಾಗ ಕೊಟ್ಟರು ಎಂಬ ಚೀಟಿ ಜೊತೆಗಿರಲಿ. ಮುಲಾಮು ಹಚ್ಚಿದ್ದರೆ ಮುಚ್ಚಿಡದೆ ಹೇಳಿ, ಅವರು ಬೈಯ್ದರೆ ಬೈಯ್ಯಲಿ.